ಎದಿಸೋನ್ ಅಳಿಸಿದ ಪಟ್ಟಿ

ಪೈಸಾಂದು ಎಂಬ ಊರಿನಲ್ಲಿ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಎದಿಸೋನ್ ಲಾರೋಸಾನಿಗೆ ಎರಡು ಹೆಮ್ಮೆಗಳಿದ್ದವು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ನಾಯಿಯೂ ಅವನನ್ನು ಕಚ್ಚಿರಲಿಲ್ಲ; ಅವನ ಕೈಗೆ ಬಂದ ಒಂದು ಲ್ಯಾಪ್‌ಟಾಪೂ ಸತ್ತು ವಾಪಸು ಹೋಗಿರಲಿಲ್ಲ. ಎರಡನೆಯ ಹೆಮ್ಮೆ ಕಳೆದ ಏಪ್ರಿಲ್‌ನಲ್ಲಿ ಮಣ್ಣುಪಾಲಾಯಿತು. ಆದರೆ ಅದು ಅವನೊಬ್ಬನಿಗೆ ಮಾತ್ರ ಗೊತ್ತಿತ್ತು. ಊರು ಈಗಲೂ ಅವನನ್ನು ಹೊಗಳುತ್ತಿತ್ತು.

ನಮ್ಮೂರಲ್ಲಿ ಏಪ್ರಿಲ್ ತಿಂಗಳ ಒಂದು ಶನಿವಾರ ಬೋಚೆ ಎಂಬ ಚೆಂಡಾಟ ಆಡುವವರ ಕ್ಲಬ್ಬಿನಲ್ಲಿ, ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಸ್ವತಂತ್ರ ವ್ಯವಸ್ಥೆಯನ್ನು ಹಾಕಿಕೊಡುವ ಹಬ್ಬ. ಹಳೆಯ ವಿಂಡೋಸ್ ಹೊತ್ತು ಏದುಸಿರು ಬಿಡುವ ಲ್ಯಾಪ್‌ಟಾಪ್‌ಗಳನ್ನು ಜನ ಕಂಕುಳಲ್ಲಿ ಹೊತ್ತು ತರುತ್ತಾರೆ. ದುಡ್ಡಿಲ್ಲ, ಒಂದು ತಟ್ಟೆ ಕರಿದ ರೊಟ್ಟಿ ತಂದರೆ ಸಾಕು. ಯಾವ ಯಂತ್ರ ಹೊಸ ವ್ಯವಸ್ಥೆಯಲ್ಲಿ ಎದ್ದು ಕೂತರೂ ಇಡೀ ಹಾಲ್ ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆಯಲ್ಲಿ ಸಿಂಹಪಾಲು ಪ್ರತಿವರ್ಷ ಎದಿಸೋನನಿಗೆ.

ಕಳೆದ ವರ್ಷ, ಹಿರಿಯರೆಂದು ಊರೆಲ್ಲ ದೋನ್ಯಾ ಎಂದು ಕರೆಯುವ ಸುಲ್ಮಾ ತಮ್ಮ ಪುಟ್ಟ ಲ್ಯಾಪ್‌ಟಾಪ್ ತಂದಿದ್ದರು. ಬಡಾವಣೆಯ ರೇಡಿಯೋದಲ್ಲಿ ಭಾನುವಾರ ಹತ್ತು ಗಂಟೆಗೆ ಅವರದೊಂದು ಕಾರ್ಯಕ್ರಮ. ಅಗಸಗಿತ್ತಿಯರು, ಬಂದರಿನ ಹಮಾಲರು, ಹೆರಿಗೆ ಮಾಡಿಸುವ ಮುದುಕಿಯರು, ಹೀಗೆ ಯಾರನ್ನಾದರೂ ಹಿಡಿದು ಮಾತಾಡಿಸಿ, ಅದನ್ನು ಈ ಯಂತ್ರದಲ್ಲೇ ಕತ್ತರಿಸಿ ಜೋಡಿಸಿ ಹನ್ನೆರಡು ವರ್ಷ ನಡೆಸಿದ್ದರು. ಜೊತೆಗೆ ಗಂಡ ದೋನ್ ತೆಯೋಫಿಲೋ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್, ಕೈಯಲ್ಲಿ ಮಾಟೆ ಎಲೆಯ ಕಷಾಯ ಹೀರುವ ಸೋರೆಬುರುಡೆ. ಆ ಫ್ಲಾಸ್ಕಿಲ್ಲದೆ ಅವರನ್ನು ಕಂಡವರು ಊರಲ್ಲೇ ಇರಲಿಲ್ಲ.

ಯಂತ್ರ ಸಣ್ಣದಾದರೂ ಹಟಮಾರಿ. ಕರೆಂಟು ಬಂದೊಡನೆ ಮೊದಲು ಎಚ್ಚರಾಗಿ ಒಳಗೆ ಯಾರನ್ನು ಬಿಡಬೇಕೆಂದು ನೋಡುವುದು ಫರ್ಮ್‌ವೇರ್, ಬಾಗಿಲ ಕಾವಲುಗಾರನಿದ್ದಂತೆ. ಈ ಕಾವಲುಗಾರನಿಗೆ ಗೊತ್ತಿದ್ದದ್ದು ವಿಂಡೋಸ್ ಎಂಬ ಒಂದೇ ಹೆಸರು. ಲಿನಕ್ಸನ್ನು ಅಚ್ಚುಕಟ್ಟಾಗಿ ಹಾಕಿದ್ದರೂ ಅವನು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಇದಕ್ಕೆ ಹಾಲ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯವಿದೆ: ಲಿನಕ್ಸನ್ನು ಎಬ್ಬಿಸುವ ಮೊದಲ ಫೈಲಿಗೆ ವಿಂಡೋಸ್ ಫೈಲಿನ ಹೆಸರನ್ನೇ ಇಟ್ಟು, ಅದರ ಜಾಗದಲ್ಲೇ ಕೂರಿಸಿಬಿಡುವುದು.

ಪಕ್ಕದ ಮೇಜಿನಲ್ಲಿ ಇದೇ ಕೆಲಸಕ್ಕೆ ಕೂತಿದ್ದ ಮಿರ್ತಾ ಅದನ್ನೇ ಹೇಳಿದಳು. "ಹೆಸರು ಬದಲಾಯಿಸು ಮಾರಾಯ, ಎರಡು ನಿಮಿಷದ ಕೆಲಸ."

"ಆಗಲ್ಲ," ಅಂದ ಎದಿಸೋನ್. "ಸ್ವತಂತ್ರ ವ್ಯವಸ್ಥೆ ಇದು. ಕಂಪನಿ ಹೆಸರು ಹೇಳ್ಕೊಂಡು ಕಳ್ಳನ ಹಾಗೆ ಒಳಗೆ ಹೋಗ್ಬೇಕಾ? ಎದ್ರೆ ಸ್ವಂತ ಹೆಸರಲ್ಲೇ ಏಳ್ಬೇಕು."

"ಅಯ್ಯೋ ನಮ್ಮ ಸಂತನೇ! ಯಂತ್ರ ಎದ್ರೆ ಸಾಲ್ದಾ, ಅದಕ್ಕೆ ನಾಮಕರಣಾನೂ ಆಗ್ಬೇಕಾ?"

ನಮ್ಮ ಲಿನಕ್ಸ್ ಭಕ್ತರಲ್ಲಿ ಇಂಥ ಮಡಿವಂತರು ಅಲ್ಲಲ್ಲಿ ಇದ್ದಾರೆ, ಎದಿಸೋನ್ ಅವರಲ್ಲಿ ಮಹಾಮಡಿವಂತ. ಫರ್ಮ್‌ವೇರ್ ತನ್ನ ಸಣ್ಣ ನೆನಪಿನಲ್ಲಿ ಇಟ್ಟುಕೊಂಡಿದ್ದ ಪಟ್ಟಿಗೇ ಲಿನಕ್ಸಿನ ಹೆಸರು ಸೇರಿಸಲು ಅವನು ಅದನ್ನು ತೆರೆದ. ವಿಂಡೋಸ್ ಬಿಟ್ಟುಹೋದ ಹಳೆಯ ನಮೂದುಗಳ ಜೊತೆ ಕಾವಲುಗಾರನಿಗೇ ಬೇಕಾದ ನಮೂದುಗಳೂ ಕಿಕ್ಕಿರಿದಿದ್ದವು, ಹೊಸದಕ್ಕೆ ಜಾಗವಿಲ್ಲ. ಒಂದೊಂದಾಗಿ ಓದಿ, ಬೇಕಾದ್ದು ಬೇಡದ್ದು ಆರಿಸಿ ತೆಗೆಯಬೇಕಿತ್ತು. ಆದರೆ ಸುತ್ತ ಜನ ನಿಂತಿದ್ದರು, ಮಿರ್ತಾ ನಗುತ್ತಿದ್ದಳು. ಅವನು ಒಂದೇ ಆದೇಶದಲ್ಲಿ ಪಟ್ಟಿಯನ್ನು ಬುಡಸಮೇತ ಅಳಿಸಿಬಿಟ್ಟ.

ಕೆಲವು ಅಗ್ಗದ ಯಂತ್ರಗಳಿಗೆ ಇದು ವಿಷ ಎಂದು ಅವನು ಓದಿದ್ದ, ಬೇರೆಯವರಿಗೆ ಎಚ್ಚರಿಕೆ ಹೇಳಿಯೂ ಇದ್ದ. ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದ. ಪರದೆ ಕಪ್ಪು. ಮತ್ತೆ ಒತ್ತಿದ. ಒಂದು ದೀಪವೂ ಮಿನುಗಲಿಲ್ಲ. ಕಾವಲುಗಾರನೇ ಸತ್ತಿದ್ದ.

ಎದಿಸೋನ್ ಏನೋ ಹುಡುಕುವವನಂತೆ ಹಿಂಬದಿಯ ಮುಚ್ಚಳ ಬಿಚ್ಚಿದ. ಕೀಲಿಮಣೆಯ ಅಂಚಿನಲ್ಲಿ ಒಣಗಿದ ಹಸಿರುಗಂದು ಕಲೆಯೊಂದಿತ್ತು, ಬೆರಳ ತುದಿಯಷ್ಟು. ಒಳಗಿನ ಬೋರ್ಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು.

"ಇದರ ಮೇಲೆ ಏನಾದ್ರೂ ಚೆಲ್ಲಿತ್ತಾ ದೋನ್ಯಾ?" ಎಂದು ಕೇಳಿದ.

ಅಷ್ಟೇ ಕೇಳಿದ್ದು. ಉಳಿದದ್ದನ್ನು ಸುಲ್ಮಾ ತಾವೇ ಪೂರ್ತಿ ಮಾಡಿದರು. ಗಂಡನ ಕಡೆ ತಿರುಗಿ, "ನೋಡು! ಹೋದ ವಾರ ಮಾಟೆ ಚೆಲ್ಲಿದ್ಯಲ್ಲ! ಏನೂ ಆಗಿಲ್ಲ, ಒರೆಸಿದೀನಿ ಅಂತ ನೀನೇ ಅಂದೆ. ನಡುಗೋ ಕೈಯಲ್ಲಿ ಹಿಡೀಬೇಡ ಅಂತ ಬಡ್ಕೊಂಡ್ನಲ್ಲ!" ಎಂದರು.

ಸುಲ್ಮಾ ಎದಿಸೋನನನ್ನು ಕೇಳಿದರು, "ಅದೇ ಅಲ್ವೇನಪ್ಪಾ?"

ಎದಿಸೋನ್ ತಲೆಯಾಡಿಸಿದ. ಒಂದು ಫೈಲಿಗೆ ಸುಳ್ಳು ಹೆಸರಿಡಲು ಒಪ್ಪದವನು ಅಷ್ಟು ಜನರ ಎದುರು, ಬೆಳಗಿನ ಹನ್ನೊಂದು ಗಂಟೆಗೆ, ತಲೆಯಾಡಿಸಿದ.

ಆಮೇಲೆ ಮೂರು ಭಾನುವಾರ ಸುಲ್ಮಾರ ಕಾರ್ಯಕ್ರಮ ಬರಲಿಲ್ಲ. ನಾಲ್ಕನೆಯ ಭಾನುವಾರ ರೇಡಿಯೋದವರು ಆ ಗಂಟೆಯನ್ನು ಕುದುರೆ ಜೂಜಿನ ಸುದ್ದಿ ಹೇಳುವವನಿಗೆ ಕೊಟ್ಟರು. ಎದಿಸೋನ್ ತನ್ನದೇ ಲ್ಯಾಪ್‌ಟಾಪನ್ನು ಒರೆಸಿ ಚೊಕ್ಕಟ ಮಾಡಿ ಕೊಂಡೊಯ್ದಾಗ ಸುಲ್ಮಾ, "ನಿನ್ನಂಥ ಒಳ್ಳೆಯವನನ್ನ ಎಲ್ಲೂ ನೋಡಿಲ್ಲ ಕಣಪ್ಪಾ. ಆದ್ರೆ ಇನ್ನು ಯಾತಕ್ಕೆ?" ಎಂದು ವಾಪಸು ಕಳಿಸಿದರು. ಆ ಒಳ್ಳೆಯವನು ಎಂಬ ಮಾತು ಅವನನ್ನು ಬೀದಿಯುದ್ದಕ್ಕೂ ಚುಚ್ಚಿತು.

ತಪ್ಪಿಸಿಕೊಳ್ಳೋಣವೆಂದರೆ ಆ ಬೀದಿ ಅವನ ಪಾಲಿನದೇ. ಅವರ ಮೀಟರ್ ಇದ್ದದ್ದು ಹಿತ್ತಲಿನಲ್ಲಿ. ತಿಂಗಳಿಗೊಮ್ಮೆ ಅಂಗಳ ದಾಟಲೇಬೇಕು. ಮೇ ತಿಂಗಳಲ್ಲಿ ತೆಯೋಫಿಲೋರ ಕಂಕುಳು ಖಾಲಿಯಿತ್ತು. "ಮಾಟೆ ಬಿಟ್ಟೆ. ಈ ಕೈಯನ್ನ ನಂಬೋ ಹಾಗಿಲ್ಲ," ಎಂದರು. ಜೂನ್‌ನಲ್ಲಿ ಅವರು ಹೆಂಡತಿಯ ಬಟ್ಟಲನ್ನೂ ಮುಟ್ಟುತ್ತಿರಲಿಲ್ಲ. ಒಳಗಿನಿಂದ ಸುಲ್ಮಾರ ದನಿ ಕೇಳುತ್ತಿತ್ತು: "ಅದನ್ನ ಅಲ್ಲೇ ಬಿಡು, ಇನ್ನೊಂದನ್ನ ಹಾಳ್ಮಾಡ್ಬೇಡ." ಭಾನುವಾರ ಹತ್ತು ಗಂಟೆಯಾದರೆ ತೆಯೋಫಿಲೋ ಸೌದೆ ಕೊಟ್ಟಿಗೆಯಲ್ಲಿ ಹೋಗಿ ಕೂರುತ್ತಾರೆಂದು ನೆರೆಯವರು ಆಡಿಕೊಂಡರು. ಎದಿಸೋನ್ ಮೀಟರಿನ ಅಂಕಿಗಳನ್ನು ಬರೆದುಕೊಂಡು ನಾಯಿಗೆ ಹೆದರಿದವನಂತೆ ಓಡಿಬರುತ್ತಿದ್ದ. ನಿಜ ಹೇಳಿದರೆ ಏಪ್ರಿಲ್‌ನ ಹಾಲ್‌ನಲ್ಲಿ ತನ್ನ ಮೇಜಿಗೆ ಯಾರೂ ಬರುವುದಿಲ್ಲ ಎಂಬ ಹೆದರಿಕೆ. ಮೀಟರ್ ಓದುವವನಿಗೆ ಅದು ಬಿಟ್ಟರೆ ಬೇರೆ ಯಾವ ಹೆಸರು? ಮುಂದಿನ ತಿಂಗಳು ಹೇಳುತ್ತೇನೆ ಎಂದುಕೊಳ್ಳುತ್ತಲೇ ಹನ್ನೊಂದು ತಿಂಗಳು ಹೋದವು.

ಈ ವರ್ಷದ ಹಬ್ಬಕ್ಕೆ ಎರಡು ವಾರ ಇರುವಾಗ ಮತ್ತೆ ಆ ಅಂಗಳಕ್ಕೆ ಹೋದ. ತೆಯೋಫಿಲೋ ಬೆಂಚಿನ ಮೇಲೆ ಎರಡು ಕೈಗಳನ್ನೂ ತೊಡೆಯ ಅಡಿಗೆ ಇಟ್ಟುಕೊಂಡು ಕೂತಿದ್ದರು. ಅವನು ಮೀಟರಿನ ಮುಂದೆ ಬಗ್ಗಿದಾಗ ಕೇಳಿದರು:

"ಎದಿಸೋನ್, ಬೇಜಾರಿಲ್ದೆ ಹೇಳ್ತೀಯಾ? ಆವತ್ತು ನಾನು ಇನ್ನೂ ಬೇಗ ಒರೆಸಿದ್ರೆ ಅದು ಉಳೀತಿತ್ತಾ?"

ಎದಿಸೋನನಿಗೆ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಲು ಆಗಲಿಲ್ಲ. "ನೀವಲ್ಲ, ದೋನ್ ತೆಯೋಫಿಲೋ. ನಾನು ಕೊಂದಿದ್ದು."

ಸುಲ್ಮಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದರು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ: ಪಟ್ಟಿ, ಮಿರ್ತಾಳ ನಗು, ಕಲೆ, ತಲೆಯಾಡಿಸಿದ್ದು.

"ಆವತ್ತೇ ಗೊತ್ತಿತ್ತಾ?" ಸುಲ್ಮಾ ಕೇಳಿದರು.

"ಗೊತ್ತಿತ್ತು."

ತೆಯೋಫಿಲೋ ಕೈಗಳನ್ನು ಈಚೆ ತೆಗೆದು ತಿರುಗಿಸಿ ನೋಡಿಕೊಂಡರು. ಮುಖ ಹುಡುಗನದಾಯಿತು. "ಹಾಗಾದ್ರೆ ನಾನಲ್ಲ! ಕೇಳಿದ್ಯೇನೇ, ನಾನಲ್ವಂತೆ!"

ಬೈಗುಳ ಬೀಳಲಿ ಎಂದು ಎದಿಸೋನ್ ತಲೆ ತಗ್ಗಿಸಿ ಕಾಯುತ್ತಿದ್ದ. ಬಿದ್ದರೆ ಹಗುರಾಗುತ್ತಿದ್ದನೇನೋ. ಸುಲ್ಮಾ ಅವನ ಕಡೆ ನೋಡಲೇ ಇಲ್ಲ. ಗಂಡನ ಪಕ್ಕ ಬಂದು ಕೂತರು, ಒಂದು ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಆ ಕೈಯನ್ನೇ ನೋಡುತ್ತ ಹೇಳಿದರು.

"ಅದು ಹಾಳಾಗಿ ವಾರಕ್ಕೆ ನಮ್ಮ ಮೊಮ್ಮಗಳು ಹುಟ್ಟಿದ್ಲು. ಇವರು ಎತ್ಕೊತೀನಿ ಅಂತ ಕೈ ಚಾಚಿದ್ರು. ನಾನು ಬಿಡ್ಲಿಲ್ಲ. ಒಂದೇ ಒಂದು ಸಲಾನೂ ಬಿಡ್ಲಿಲ್ಲ, ಬೀಳಿಸಿಬಿಡ್ತಾರೆ ಅಂತ."

"ಈಗ ಎತ್ಕೊತೀನಿ ಬಿಡೇ," ಎಂದರು ತೆಯೋಫಿಲೋ.

"ಈಗ ಅವಳು ನಡೀತಾಳೆ," ಅಂದರು ಸುಲ್ಮಾ. "ಯಾರು ಎತ್ಕೊಂಡ್ರೂ ಕೊಸರ್ಕೊಂಡು ಇಳಿದುಬಿಡ್ತಾಳೆ."