ಪೂಜೆಯ ಹೊತ್ತಿಗೆ ಬಂದ ರಿಜಿಸ್ಟರ್ಡ್ ಪತ್ರ

ಅಕ್ಷರ ಕಲಿಸಿದ ಗುರುಗಳಿಗೆ, ನನ್ನ ಮನೆಗೆ ಅನ್ನವಿಟ್ಟ ಅಂಚೆಯ ಕೆಲಸಕ್ಕೆ, ತಪ್ಪನ್ನು ತಪ್ಪೆಂದು ಬರೆಯುವಷ್ಟು ಬಲ ಒಮ್ಮೆಯಾದರೂ ಈ ಕೈಗೆ ಕೊಟ್ಟ ಪರಮಾತ್ಮನಿಗೆ ನಮಸ್ಕರಿಸಿ ಈ ಪ್ರಸಂಗವನ್ನು ಹೇಳುತ್ತೇನೆ.

೧೯೭೮ರಲ್ಲಿ ನಾನು ಖಾನಾಪುರ ತಾಲ್ಲೂಕಿನ ಸಣ್ಣ ಊರೊಂದರಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದೆ. ಬೆಳಗಿನ ಬಸ್ಸು ಟಪಾಲು ಚೀಲ ಇಳಿಸಿ ಮುಂದಿನ ಊರಿಗೆ ಹೋಗುತ್ತಿತ್ತು. ಒಂದು ತಾಸಿಗೆ ಅದೇ ಬಸ್ಸು ಮರಳಿದಾಗ ನಮ್ಮ ಚೀಲವನ್ನು ಒಯ್ಯುತ್ತಿತ್ತು. ಆ ಒಂದು ತಾಸಿನಲ್ಲೇ ಪೋಸ್ಟ್‌ಮ್ಯಾನ್ ಮಾರುತಿ ರಿಜಿಸ್ಟರ್ಡ್ ಪತ್ರಗಳನ್ನು ಹಂಚಿ ಬರುತ್ತಿದ್ದ. ನಿಯಮ ಹಾಗಿರಲಿಲ್ಲ. ಹಿಂತಿರುಗಿಸುವ ಪತ್ರ ಅಂದೇ ಹೋಗಿಬಿಟ್ಟರೆ ನಮಗೆ ನಿರಾಳ, ಅಷ್ಟೇ.

ವಿಳಾಸದಾರರು ಸಿಗದಿದ್ದರೆ ಪತ್ರವನ್ನು ಏಳು ದಿನ ಇಟ್ಟುಕೊಂಡು ಮತ್ತೆ ಒಯ್ಯಬೇಕು. ಆಗಲೂ ಯಾರೂ ಪಡೆಯದಿದ್ದರೆ ‘ಅನ್‌ಕ್ಲೇಮ್ಡ್’ ಎಂದು ಬರೆಯಬೇಕು. ಬೇಡವೆಂದರೆ ‘ರಿಫ್ಯೂಸ್ಡ್’ ಎಂದು ಬರೆದು ಕೂಡಲೇ ಹಿಂತಿರುಗಿಸಬೇಕು. ಮಾರುತಿ ಬರೆದುದರ ಕೆಳಗೆ ನಾನು ವಿಚಾರಿಸದೆ ಸಹಿ ಹಾಕುತ್ತಿದ್ದೆ.

ಜೂನ್ ತಿಂಗಳಲ್ಲಿ ಒಂದು ದಿನ ರೈತ ಬಸಪ್ಪನವರು ಮಗಳು ಗೌರವ್ವನನ್ನು ಕರೆದುಕೊಂಡು ಬಂದರು. ಅವಳು ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ಬೆಳಗಾವಿಯ ಹಿಂದವಾಡಿಯಲ್ಲಿದ್ದ ಗೆಳತಿಗೆ ನೇಮಕದ ಆದೇಶ ಬಂದಿತ್ತು. ಅದೇ ಪಟ್ಟಿಯಲ್ಲಿ ಇವಳ ಹೆಸರು ಮೇಲಿತ್ತು. ಆದರೂ ಪತ್ರವಿಲ್ಲ. ನಾನು ರಿಜಿಸ್ಟರ್ ತೆರೆದೆ. ಹನ್ನೆರಡು ದಿನಗಳ ಹಿಂದೆ ಅವಳ ಹೆಸರಿಗೆ ಬಂದ ಪತ್ರ ‘ರಿಫ್ಯೂಸ್ಡ್’ ಆಗಿ ಹೋಗಿತ್ತು. ಕೆಳಗೆ ನನ್ನ ಸಹಿ.

“ನಾ ಯಾಕ ಬ್ಯಾಡ ಅನ್ಲಿರೀ?” ಎಂದಳು ಗೌರವ್ವ. “ಮಾರುತಿಕಾಕಾ ಬಾಗಲಕ್ಕ ಬಂದಾಗ ನಾ ಪೂಜಿಗೆ ಕುಂತಿದ್ದೆ. ಕೈಯಾಗ ಲಿಂಗ ಇತ್ತು. ಈಗ ಅಲ್ಲ ಅಂತ ತಲಿ ಅಳ್ಳಾಡಿಸಿದೆ. ಅಪ್ಪನ ಹೆಸರಿಗೆ ಕಾರ್ಡ್ ಬಂದಿರಬೇಕು, ನಾಳೆ ಕೊಡ್ತಾರ ಅಂದ್ಕೊಂಡೆ.”

ಇಷ್ಟಲಿಂಗ ಅಂಗೈಯಲ್ಲಿರುವಾಗ ಆ ಮನೆಯವರು ಮಾತನಾಡುವುದಿಲ್ಲ, ಬೇರೊಂದನ್ನು ಮುಟ್ಟುವುದಿಲ್ಲ. ಊರಿಗೆಲ್ಲ ತಿಳಿದ ಸಂಗತಿ. ಸಂಧ್ಯಾವಂದನೆಯ ನಡುವೆ ನಾನೂ ಹಾಲಿನವನಿಗೆ ಬರೀ ಕೈಸನ್ನೆ ಮಾಡುವವನೇ.

ಬಸಪ್ಪನವರು ಅಲ್ಲೇ ಪತ್ರ ವಿಂಗಡಿಸುತ್ತಿದ್ದ ಮಾರುತಿಯತ್ತ ತಿರುಗಿದರು. “ಏನಪಾ ಮಾರುತಿ, ನನ್ನ ಮಗಳ ನೌಕರಿ ನೀನ ಬ್ಯಾಡ ಅಂದು ಕಳಿಸಿದಿ? ನನ್ನನ್ನರ ಒಂದ್ಮಾತು ಕೇಳಬೇಕಿಲ್ಲೋ?”

“ಖರೇ ಹೇಳ್ತೇನಿ ಬಸಪ್ಪಣ್ಣಾ, ಲಿಂಗ ನೋಡಿದ್ದೆ,” ಎಂದ ಮಾರುತಿ ತಲೆಯೆತ್ತದೆ. “ಬಸ್ಸಿನ ಹಾರ್ನ್ ಕೇಳಿಸ್ತು. ಬರದುಬಿಟ್ಟೆ.”

ತಡ ಮಾಡುವಂತಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ತಂದೆ, ಮಗಳು, ನಾನು ಬೆಳಗಾವಿಗೆ ಹೊರಟೆವು. ನಾನು ದಾರಿಯುದ್ದಕ್ಕೂ ಜಪ ಆರಂಭಿಸುವುದು, ಎಣಿಕೆ ತಪ್ಪುವುದು, ಮತ್ತೆ ಆರಂಭಿಸುವುದು. ಬಸ್ಸು ನಿಂತಲ್ಲೆಲ್ಲ ಗೌರವ್ವ, “ಇನ್ನ ಎಷ್ಟು ದೂರ ಐತಿ ಅಪ್ಪಾ?” ಎನ್ನುತ್ತಿದ್ದಳು.

ನೇಮಕ ಮಾಡುವ ಕಚೇರಿಯಲ್ಲಿ, ಅವಳ ಜಾಗಕ್ಕೆ ಪಟ್ಟಿಯ ಮುಂದಿನವರ ಆದೇಶ ಆಗಲೇ ಟೈಪಾಗಿತ್ತು. ಮಧ್ಯಾಹ್ನ ಸಹಿಯಾಗಲಿತ್ತು.

“ಪೋಸ್ಟಿನವರು ಬರದದ್ದನ್ನ ನಾವು ನಂಬಬೇಕಲ್ರೀ,” ಎಂದರು ಅಧಿಕಾರಿ. “ಈಗ ನೀವ ಬ್ಯಾರೆ ಹೇಳಿದ್ರ ಹೆಂಗ? ಬರದು ಕೊಡ್ರಿ, ನೋಡೂಣು.”

ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯತೊಡಗಿದೆ. ಮೊದಲು ‘ಓವರ್‌ಸೈಟ್’ ಎಂದು ಬರೆದೆ. ಕಣ್ತಪ್ಪು ಎಂಬ ಮೃದುವಾದ ಮಾತು. ಆ ವರ್ಷ ನನ್ನ ಬಡ್ತಿಯ ಕಾಗದ ಮೇಲಿನವರ ಮೇಜಿನ ಮೇಲಿತ್ತು. ಆ ಮಾತಿನ ಮರೆಯಲ್ಲಿ ನಾನು ನಿಲ್ಲಬಹುದಿತ್ತು. ಆದರೆ ಕಣ್ಣು ತಪ್ಪಿರಲಿಲ್ಲ. ಮಾರುತಿ ನೋಡಿದ್ದ, ನಾನು ಕೇಳಿರಲಿಲ್ಲ. ಪಾಠಶಾಲೆಯಲ್ಲಿ ಕಲಿತ ಅಂಗೀಕಾರ, ನಿರಾಕರಣ, ಉಪೇಕ್ಷೆ ಎಂಬ ಮೂರು ಮಾತುಗಳನ್ನು ಮನಸ್ಸಿನಲ್ಲೇ ಹೊರಳಿಸಿದೆ. ಒಪ್ಪುವುದಕ್ಕೂ ಒಲ್ಲೆನೆನ್ನುವುದಕ್ಕೂ ಒಂದು ಮನಸ್ಸು ಬೇಕು. ಉಪೇಕ್ಷೆಗೆ ಮನಸ್ಸೇ ಬೇಕಿಲ್ಲ. ಸಹಿ ಹಾಕುವ ಅಭ್ಯಾಸ ಸಾಕು. ಹಾಳೆ ಹರಿದು, ‘ವಿಳಾಸದಾರರು ನಿರಾಕರಿಸಿಲ್ಲ, ಇದು ನನ್ನ ಕಚೇರಿಯ ನೆಗ್ಲೆಕ್ಟ್’ ಎಂದು ಬರೆದು ಸಹಿ ಮಾಡಿದೆ.

ಅಧಿಕಾರಿ ಎರಡು ಸಲ ಓದಿದರು. “ಇದರ ನಕಲು ನಿಮ್ಮ ಮ್ಯಾಲಿನವರಿಗೂ ಹೋಗತೈತಿ. ಗೊತ್ತೈತಲ್ಲ?”

“ಗೊತ್ತದರೀ. ಹೋಗಲಿ.”

ಅವರು ಟೈಪಾದ ಹಾಳೆಗೆ ಅಡ್ಡಗೆರೆ ಎಳೆದು ಬದಿಗಿಟ್ಟರು. ಅದರ ಮೇಲೆ ಯಾರ ಹೆಸರಿತ್ತೋ ನಾನು ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಸಂಜೆಯ ಹೊತ್ತಿಗೆ ಗೌರವ್ವನ ಆದೇಶ ಅವಳ ಕೈಗೇ ಬಂತು. ಅವಳು ಅದನ್ನು ಎರಡೂ ಕೈಗಳಿಂದ ಪಡೆದು ಕಣ್ಣಿಗೊತ್ತಿಕೊಂಡಳು.

ನನಗೂ ಮಾರುತಿಗೂ ಎಚ್ಚರಿಕೆಯ ಪತ್ರ ಬಂತು. ಬಡ್ತಿ ಎರಡು ವರ್ಷ ಹಿಂದೆ ಸರಿಯಿತು. ಬೆಳಗಾವಿಯಿಂದ ಮರಳಿದ ಮರುದಿನದಿಂದಲೇ, ಬಸ್ಸು ಹೋದ ಮೇಲೆಯೇ ಮಾರುತಿ ರಿಜಿಸ್ಟರ್ಡ್ ಪತ್ರಗಳನ್ನು ಒಯ್ಯತೊಡಗಿದ. ‘ರಿಫ್ಯೂಸ್ಡ್’ ಎಂದು ಕಂಡರೆ ನಾನೇ ಆ ಮನೆಯ ಬಾಗಿಲಿಗೆ ಹೋಗಿ ಕೇಳಿ ಬರುತ್ತಿದ್ದೆ. ಒಬ್ಬರು ಬೇಡವೆಂದರೆಂದು ಬರೆಯುವ ಮೊದಲು ಅವರ ಬಾಯಿಂದಲೇ ಅದನ್ನು ಕೇಳಬೇಕು ಎಂಬುದೇ ಆ ನೌಕರಿ ನನಗೆ ಕಲಿಸಿದ ಪಾಠ.

ಗೌರವ್ವನ ಶಾಲೆಯ ಮಕ್ಕಳು ಬೆಳಗಲಿ. ಬಸಪ್ಪನವರ ಮನೆ, ಮಾರುತಿಯ ಮನೆ ತುಂಬಿರಲಿ. ನಂಬಿ ಸಹಿ ಮಾಡಿದ ಆ ಅಧಿಕಾರಿಗೆ ಒಳ್ಳೆಯದಾಗಲಿ. ಅಡ್ಡಗೆರೆ ಬಿದ್ದ ಹಾಳೆಯಲ್ಲಿ ಯಾರ ಹೆಸರಿತ್ತೋ, ಅವರ ಬಾಗಿಲಿಗೂ ಬೇಗನೆ ಒಂದು ಪತ್ರ ಬಂದಿರಲಿ.