ರೂಮು ಬೇಕಾದವರ ಗೋಡೆ

ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಡಾಕ್ಟರು ಹೇಳಿದ್ದ ದಿನಕ್ಕಿಂತ ಮೊದಲೇ ಹುಟ್ಟಿಬಿಟ್ಟವಳು, ಅವತ್ತಿನಿಂದಲೇ ಅವಳು ಗಡಿಬಿಡಿ. ಆರುವ ಮೊದಲೇ ಚಹಾ ಕುಡಿದು ನಾಲಿಗೆ ಸುಟ್ಟುಕೊಳ್ಳುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿ ಪೇಚಿಗೆ ಸಿಕ್ಕುವುದು, ಇವೆಲ್ಲ ಅವಳಿಗೆ ನಿತ್ಯದ ಪಾಡು. ಇಂಥವಳು ಡಿಗ್ರಿ ಮುಗಿಸಿದ್ದೇ ತಡ, ದೂರದ ಊರಿನ ವಿದ್ಯಾರ್ಥಿ ಸಂಘವೊಂದರಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು ಎಂದು ಕುಣಿಯುತ್ತ ಬಂದಾಗ ಅಮ್ಮ ಹಿಡಿದ ಸೌಟು ಹಿಡಿದ ಹಾಗೇ ನಿಂತಳು.

"ಅಲ್ಲಿ ಏನ್ ಕೆಲಸ ಮಾಡ್ತೀಯೇ?"

"ಹೋರಾಟ ಮಾಡೋದು ಹೇಗೆ ಅಂತ ಕಲೀತೀನಿ ಅಮ್ಮ."

"ಅದನ್ನ ಕಲಿಯೋಕೆ ಇನ್ನೊಂದು ಊರಿಗೆ ಬೇರೆ ಹೋಗ್ಬೇಕಾ? ಈ ಮನೇಲಿ ನಿನ್ ಜೊತೆ ಹೋರಾಡಿ ನನಗೇ ಸಾಕುಸಾಕಾಗಿದೆ!"

ಅಪ್ಪ ಪೇಪರಿನ ಹಿಂದೆ ಕಿಸಕ್ಕನೆ ನಕ್ಕರು. ಆ ನಗುವನ್ನೇ ಒಪ್ಪಿಗೆ ಎಂದುಕೊಂಡು ಗಡಿಬಿಡಿ ಬಟ್ಟೆ ಜೋಡಿಸತೊಡಗಿದಳು.

ಸಂಘದ ಆಫೀಸೆಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಒಂದು ಮೇಜು, ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತ ಬೆಂಚು, ಸುರುಳಿ ಸುತ್ತಿಟ್ಟ ಬ್ಯಾನರುಗಳು. ಹಿಂದಿನ ಕೋಣೆಯಲ್ಲಿ ಒಂದು ಸ್ಟೌವು ಮತ್ತು ಗಡಿಬಿಡಿಗೆಂದು ಹಾಕಿದ ಮಂಚ. ಇದನ್ನೆಲ್ಲ ನಡೆಸುವವರನ್ನು ಊರಿನ ವಿದ್ಯಾರ್ಥಿಗಳೆಲ್ಲ ದೊಡ್ಡಕ್ಕ ಎನ್ನುತ್ತಿದ್ದರು. ಘೋಷಣೆ ಕೂಗಿ ಕೂಗಿ ಗಂಟಲು ಒಡೆದುಹೋಗಿದ್ದ ಹೆಂಗಸು, ಬೈದರೂ ಗುಟ್ಟು ಹೇಳಿದ ಹಾಗೆ ಕೇಳುತ್ತಿತ್ತು.

"ಭಾಷಣ ಯಾವಾಗಕ್ಕಾ?" ಎಂದು ಗಡಿಬಿಡಿ ಬಂದ ದಿನವೇ ಕೇಳಿದಳು.

"ಮೊದಲು ಗಂಟಿಲ್ಲದ ಹಾಗೆ ಅಂಟು ಕಾಯಿಸು, ಆಮೇಲೆ ನೋಡೋಣ," ಎಂದು ದೊಡ್ಡಕ್ಕ ಹಿಟ್ಟಿನ ಡಬ್ಬಿಯನ್ನು ಅವಳ ಕಡೆ ತಳ್ಳಿದರು.

ಅಂಟು ಪೋಸ್ಟರಿಗೆ. ಪೋಸ್ಟರು ಯಾತಕ್ಕೆ ಅಂದರೆ, ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನ ಒಂದು ಕಟ್ಟಡ ರಿಪೇರಿಗೆಂದು ಮುಚ್ಚಿತ್ತು. ರಿಪೇರಿ ಮುಗಿದು ಎಷ್ಟೋ ಕಾಲವಾದರೂ ಬಾಗಿಲು ತೆರೆದಿರಲಿಲ್ಲ. ಹಾಸ್ಟೆಲ್ ನೋಡಿಕೊಳ್ಳುವ ಉಸ್ತುವಾರಿ ಮೇಷ್ಟ್ರನ್ನು ದೊಡ್ಡಕ್ಕ ಹೋಗಿ ಕೇಳಿದಾಗ ಅವರು, "ಸಂಘದವರು ಬಂದು ಕೇಳೋದು ಬೇಡಮ್ಮ. ರೂಮಿಲ್ಲದ ಹುಡುಗಿಯರು ಖುದ್ದಾಗಿ ಬರ್ಲಿ. ಶುಕ್ರವಾರದ ತನಕ ಕಾಯ್ತೀನಿ. ಯಾರೂ ಬರಲಿಲ್ವಾ, ಹಳೇ ಉತ್ತರಪತ್ರಿಕೆ ತುಂಬೋಕೆ ಪರೀಕ್ಷೆ ವಿಭಾಗದವರಿಗೆ ಕೊಟ್ಬಿಡ್ತೀನಿ," ಎಂದಿದ್ದರು. ರೂಮಿಲ್ಲದವರು ಬೇಕಾದಷ್ಟಿದ್ದರು. ಆದರೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ, ಯಾವುದೋ ನೆಂಟರ ಅಡುಗೆಮನೆಯಲ್ಲಿ. ಅವರನ್ನು ಹುಡುಕುವುದು ಹೇಗೆ ಎಂಬುದೇ ಸಂಘದ ತಲೆನೋವಾಗಿತ್ತು.

ದೊಡ್ಡಕ್ಕನಿಗೆ ಒಂದು ಪದ್ಧತಿಯಿತ್ತು. ಯಾವ ಗೋಡೆಗೂ ಹೋದ ತಕ್ಷಣ ಅಂಟಿಸುತ್ತಿರಲಿಲ್ಲ. "ಮೊದಲು ಗೋಡೆ ಎದುರಿಗೆ ಸುಮ್ನೆ ನಿಂತ್ಕೊ. ಯಾರ್ ಬರ್ತಾರೆ, ಏನ್ ನೋಡ್ತಾರೆ ತಿಳ್ಕೊ. ಆಮೇಲೆ ಬಕೆಟ್ಟಿಗೆ ಕೈ ಹಾಕು," ಎಂದು ಗಡಿಬಿಡಿಗೂ ಹೇಳಿದರು. ಗಡಿಬಿಡಿ ಹೂಂ ಹೂಂ ಎಂದು ತಲೆಯಾಡಿಸಿದಳು. ಅಷ್ಟು ಹೊತ್ತಿಗೆ ಅವಳ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು.

ಕಾಲೇಜಿನ ಗೇಟಿನ ಪಕ್ಕದ ಗೋಡೆ ನೋಡಿ ಅವಳಿಗೆ ಬಾಯಲ್ಲಿ ನೀರೂರಿತು. ಎಂಥ ಜಾಗ! ಆದರೆ ಅದರ ತುಂಬ ಹರಕು ಮುರಕು ಚೀಟಿಗಳು, ಮೂಲೆ ಮಡಚಿ, ಒಂದರ ಮೇಲೊಂದು. "ಛೀ, ಎಷ್ಟು ಗಲೀಜು ಮಾಡಿಟ್ಟಿದಾರಪ್ಪ," ಎಂದು ಗೊಣಗಿಕೊಂಡು ಹಾಡುಹಗಲೇ ಆ ಕೊನೆಯಿಂದ ಈ ಕೊನೆಯವರೆಗೆ ಪೋಸ್ಟರು ಬಡಿದಳು. 'ವಸತಿ ನಮ್ಮ ಹಕ್ಕು' ಎಂಬ ಕೆಂಪಕ್ಷರ ಅವಳದೇ ಕೈಬರಹ. ಫೋಟೋ ತೆಗೆದು ಮನೆಗೂ ಕಳಿಸಿದಳು. "ಎಡಗಡೆದು ಸೊಟ್ಟಗಿದೆ" ಎಂದು ಅಮ್ಮನ ಉತ್ತರ ಬಂತು.

ಮಾರನೇ ದಿನ ಬೆಳಿಗ್ಗೆ ಮಾಡಿದ್ದನ್ನು ಕಣ್ತುಂಬ ನೋಡಿಕೊಳ್ಳೋಣ ಎಂದು ಅವಳು ಹೋದಾಗ ಗೋಡೆಯ ಮುಂದೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಕೆಂಗಣ್ಣು ಬಿಟ್ಟುಕೊಂಡು ನಿಂತಿದ್ದಳು.

"ನೀವೇನ್ರೀ ಇದನ್ನ ಅಂಟಿಸಿದ್ದು?"

"ಹೌದು," ಎಂದು ಗಡಿಬಿಡಿ ಹಲ್ಲು ಕಿರಿದಳು, ಮೆಚ್ಚಿಕೊಳ್ಳುತ್ತಾಳೆ ಎಂಬ ಆಸೆಯಲ್ಲಿ.

"ನಿಮಗೆ ಬುದ್ಧಿ ಗಿದ್ಧಿ ಇದ್ಯಾ? ಈಗೀಗ ಈ ಊರಲ್ಲಿ ರೂಮು ಬೇಕಾದವ್ರೆಲ್ಲ ಚೀಟಿ ಹಾಕೋದು ಇದೇ ಗೋಡೆ ಮೇಲೆ! ಬಾಡಿಗೆಗೆ ಕೊಡೋರು ಇಲ್ಲಿಗೇ ಬಂದು ನೋಡೋದು. ನನ್ ಚೀಟಿ ಇತ್ರೀ ಇಲ್ಲಿ. ವಸತಿ ಹಕ್ಕಂತೆ, ಹಕ್ಕು! ಸಿಗ್ತಿದ್ದ ವಸತೀನೂ ಮುಚ್ಚಿ ಹಾಕಿದ್ರಲ್ಲ!"

ಗಡಿಬಿಡಿಗೆ ಈಗ ಅರ್ಥವಾಯಿತು. ಯಾರನ್ನು ಊರೆಲ್ಲ ಹುಡುಕುತ್ತಿದ್ದರೋ ಅವರೆಲ್ಲ ಈ ಗೋಡೆಯ ಮೇಲೇ ಇದ್ದರು, ಅವರ ಮುಖಕ್ಕೇ ಅವಳು ಕಾಗದ ಮೆತ್ತಿದ್ದಳು. ಕ್ಷಮೆ ಕೇಳಬೇಕು ಎನ್ನುವಷ್ಟರಲ್ಲಿ ಹುಡುಗಿ ಹೊರಟುಹೋಗಿದ್ದಳು.

ಆಫೀಸಿಗೆ ಬಂದು ಅಳುತ್ತಲೇ ಬ್ಯಾಗು ತುಂಬಿ ಮನೆಗೆ ಫೋನು ಮಾಡಿದಳು.

"ವಾಪಸ್ ಬರ್ತೀನಮ್ಮ. ನನ್ ಕೈಲಿ ಆಗಲ್ಲ. ಎಲ್ಲ ಹಾಳು ಮಾಡ್ದೆ."

"ಬಾ, ಯಾರ್ ಬೇಡ ಅಂದೋರು. ಆದ್ರೆ ಹಾಳ್ಮಾಡಿದ್ದನ್ನ ಸರಿ ಮಾಡಿ ಬಾ. ಅರ್ಧಕ್ಕೆ ಬಿಟ್ಟು ಬಂದ್ಯೋ, ಬಾಗಿಲು ತೆಗೆಯಲ್ಲ ನೋಡು."

ದೊಡ್ಡಕ್ಕ ಬೈಯಲಿಲ್ಲ. ಬಿಸಿನೀರಿನ ಬಕೆಟ್ಟು, ಕೆರೆಯಲು ಒಂದು ಕರಣೆ ಕೊಟ್ಟು, "ನಡಿ" ಎಂದರು ಅಷ್ಟೆ.

ಅಂಟನ್ನು ಅವಳು ಎಷ್ಟು ಚೆನ್ನಾಗಿ ಕಾಯಿಸಿದ್ದಳೆಂದರೆ, ಕೆರೆದಾಗ ಪೋಸ್ಟರಿನ ಜೊತೆ ಚೀಟಿಗಳೂ ಮುದ್ದೆಮುದ್ದೆಯಾಗಿ ಕಿತ್ತು ಬಂದವು. ಒಂದಕ್ಷರ ಉಳಿಯಲಿಲ್ಲ. ಇನ್ನೇನು ಮಾಡುವುದು? ರಟ್ಟು, ಪೆನ್ನು ಹಿಡಿದು ಗೋಡೆಯ ಪಕ್ಕದಲ್ಲೇ ನಿಂತು, ಬಂದ ಹುಡುಗಿಯರನ್ನೆಲ್ಲ ತಡೆದು, "ಇಲ್ಲಿ ನಿಮ್ ಚೀಟಿ ಇತ್ತಾ? ನಾನೇ ಹಾಳ್ಮಾಡಿದ್ದು. ಹೇಳಿ, ಬರ್ಕೊಡ್ತೀನಿ," ಎಂದು ಕೇಳತೊಡಗಿದಳು. ಬೈಸಿಕೊಂಡಳು, ಹೊಟ್ಟೆ ತುಂಬ ಬೈಸಿಕೊಂಡಳು. ಬೈದಾದ ಮೇಲೆ ಅವರು ಹೇಳುತ್ತಿದ್ದರು. ಒಬ್ಬಳು ಚಿಕ್ಕಮ್ಮನ ಮನೆಯಲ್ಲಿ ಅಡುಗೆ ಮಾಡಿಕೊಟ್ಟು ಉಳಿದ ಹೊತ್ತಿನಲ್ಲಿ ಓದುತ್ತಿದ್ದಳು. ಅಕ್ಕತಂಗಿಯರಿಬ್ಬರು ಒಂದೇ ಮಂಚದಲ್ಲಿ ಸರದಿಯ ಮೇಲೆ ಮಲಗುತ್ತಿದ್ದರು. ಗಡಿಬಿಡಿ ಮಧ್ಯೆ ಬಾಯಿ ಹಾಕದೆ ಕೇಳಿದಳು, ಬರೆದಳು, ಅಂಟಿಸಿದಳು. ಶುಕ್ರವಾರದ ವಿಷಯವನ್ನೂ ಪ್ರತಿಯೊಬ್ಬಳಿಗೆ ಹೇಳಿದಳು. ಯಾರೂ ಬರುತ್ತೇನೆ ಎನ್ನಲಿಲ್ಲ, ನೋಡೋಣ ಎಂದರು.

ನರ್ಸಿಂಗ್ ಹುಡುಗಿಯೂ ಬಂದಳು. ಸಿಟ್ಟು ಇಳಿದಿರಲಿಲ್ಲ, ಆದರೆ ನಿಂತಿರಲೂ ಆಗದೆ ಅಲ್ಲೇ ಕಟ್ಟೆಯ ಮೇಲೆ ಕುಸಿದಳು.

"ಬರ್ಕೊಳ್ಳಿ. ಹಗಲು ಮಲಗೋಕೆ ರೂಮು ಬೇಕು ಅಂತ. ರಾತ್ರಿ ಆಸ್ಪತ್ರೆ ಡ್ಯೂಟಿ ನಂದು. ಬೆಳಿಗ್ಗೆ ಮನೆಗೆ ಬರೋ ಹುಡುಗಿಗೆ ಯಾರೂ ಮನೆ ಕೊಡಲ್ಲ. ಆಸ್ಪತ್ರೆ ಬೆಂಚ್ ಮೇಲೇ ಮಲಗ್ತೀನಿ. ಕಣ್ಣು ಹತ್ತೋ ಹೊತ್ತಿಗೆ ಯಾರಾದ್ರೂ ಬಂದು ಏಳಮ್ಮ, ಪೇಶೆಂಟ್ ಕೂರ್ಬೇಕು ಅಂತಾರೆ."

ಗಡಿಬಿಡಿ ಬರೆದುಕೊಂಡು ತಲೆಯೆತ್ತಿದಳು. "ಶುಕ್ರವಾರ ಬನ್ನಿ, ಉಸ್ತುವಾರಿ ಮೇಷ್ಟ್ರ ಆಫೀಸಿಗೆ. ಖುದ್ದಾಗಿ ಬಂದ್ರೆ ಹಾಸ್ಟೆಲ್ ಬಾಗಿಲು ತೆಗೀತಾರಂತೆ."

"ಅದನ್ನ ಪೋಸ್ಟರಲ್ಲಿ ಯಾಕ್ರೀ ಹಾಕ್ಲಿಲ್ಲ? ಹಕ್ಕು ಅಂತ ಇತ್ತು, ಎಲ್ಲಿಗೆ ಬರ್ಬೇಕು ಅಂತ ಇರ್ಲೇ ಇಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ನರ್ಸಿಂಗ್ ಹುಡುಗಿ.

ಶುಕ್ರವಾರ ಗಡಿಬಿಡಿ, ದೊಡ್ಡಕ್ಕ ಮೇಷ್ಟ್ರ ಆಫೀಸಿನ ಬೆಂಚಿನ ಮೇಲೆ ಕೂತೇ ಕೂತರು. ಒಂದು ನರಪಿಳ್ಳೆಯ ಸುಳಿವಿಲ್ಲ. ಉಸ್ತುವಾರಿ ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ನಾನ್ ಹೇಳ್ಲಿಲ್ವೇನಮ್ಮ?" ಎಂದು ಪರೀಕ್ಷೆ ವಿಭಾಗದ ಕಾಗದವನ್ನು ಎಳೆದುಕೊಂಡರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಏನೋ ದಡಬಡ ಸದ್ದಾಯಿತು.

ಹಾಸಿಗೆ ಸುರುಳಿ, ಟ್ರಂಕು, ಬಕೆಟ್ಟು ಹೊತ್ತುಕೊಂಡು ಗೋಡೆಯ ಹುಡುಗಿಯರು ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಕೋಣೆ ತುಂಬಿ ಉಳಿದವರು ಹೊರಗೆ ಸಾಲಾಗಿ ನಿಂತರು. ಮುಂದೆ ನರ್ಸಿಂಗ್ ಹುಡುಗಿ, ಡ್ಯೂಟಿಯ ಬಟ್ಟೆಯಲ್ಲೇ.

"ಏನಮ್ಮ ಇದೆಲ್ಲ?" ಮೇಷ್ಟ್ರು ಎದ್ದು ನಿಂತರು.

"ಕೇಳೋಕೆ ಅಂತ ಬಂದ್ರೆ ನಾಳೆ ಬನ್ನಿ ಅಂತೀರ ಸಾರ್. ಅದಕ್ಕೇ ಇರೋಕೇ ಬಂದಿದೀವಿ."

ಮೇಷ್ಟ್ರು ಗಡಿಬಿಡಿಯ ಕಡೆ ತಿರುಗಿದರು. "ನೀನ್ ಹೇಳ್ಕೊಟ್ಟಿದ್ದಾ?"

"ಇಲ್ಲ ಸಾರ್, ನಂಗೂ ಗೊತ್ತಿರ್ಲಿಲ್ಲ," ಎಂದಳು. ನಿಜಕ್ಕೂ ಅವಳ ತಲೆಗೆ ಇಂಥದ್ದು ಹೊಳೆದೇ ಇರಲಿಲ್ಲ.

ಮೇಷ್ಟ್ರು ಟ್ರಂಕುಗಳನ್ನು ನೋಡಿದರು, ಆ ಮುಖಗಳನ್ನು ನೋಡಿದರು. ಕೆಟ್ಟ ಮನುಷ್ಯರೇನಲ್ಲ, ಅವರ ಮುಂದೆ ಇಷ್ಟು ದಿನ ಬರೀ ಕಾಗದ ಬಂದಿತ್ತು, ಅಷ್ಟೆ. ಡ್ರಾಯರು ತಡಕಿ ಬೀಗದ ಕೈ ಗೊಂಚಲು ತೆಗೆದು, "ಧೂಳು ಮೊಳಕಾಲುದ್ದ ಇರತ್ತೆ, ಆಮೇಲೆ ನನ್ನ ಬೈಬೇಡಿ," ಎಂದು ತಾವೇ ಮುಂದೆ ನಡೆದರು.

ಧೂಳು ಇತ್ತು. ಕಿಟಕಿ ತೆಗೆದರು, ಪೊರಕೆ ಹುಡುಕಿದರು, ಯಾವ ಕೋಣೆ ಯಾರಿಗೆ ಎಂದು ಜಗಳವೂ ಶುರುವಾಯಿತು. ಮೇಷ್ಟ್ರು ಕಾರಿಡಾರಿನ ನಡುವೆ ನಿಂತು ಹಾಸ್ಟೆಲಿನ ನಿಯಮಗಳನ್ನು ಗಟ್ಟಿಯಾಗಿ ಹೇಳತೊಡಗಿದರು. ಅಷ್ಟರಲ್ಲಿ ಕಾವಲುಗಾರ ಒಂದು ಕೋಣೆಯ ಬಾಗಿಲಲ್ಲಿ ನಿಂತು ಕೂಗಿದ, "ಸಾರ್, ಇಲ್ಲೊಬ್ಳು ಮಟಮಟ ಮಧ್ಯಾಹ್ನ ಮಲಗಿಬಿಟ್ಟಿದಾಳೆ!"

ಎಲ್ಲರೂ ಹೋಗಿ ಇಣುಕಿದರು. ನರ್ಸಿಂಗ್ ಹುಡುಗಿ ಬರಿಯ ಮಂಚದ ಮೇಲೆ, ಕಾಲಲ್ಲಿ ಚಪ್ಪಲಿ ಇದ್ದ ಹಾಗೆಯೇ, ಸುರುಳಿ ಬಿಚ್ಚದ ಹಾಸಿಗೆಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ಗಡಿಬಿಡಿಗೆ ಕಣ್ಣು ತುಂಬಿ ಬಂತು, ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ.

"ಎಬ್ಬಿಸ್ಲಾ ಸಾರ್?" ಎಂದ ಕಾವಲುಗಾರ.

ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು.

"ಯಾಕೋ ಎಬ್ಬಿಸ್ತೀಯ? ಅದು ಅವಳ ರೂಮು."