ಕಾರಿಗೆ ತುಂಬಿದ ಉಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೊಗನೊಳ್ಳಿ ಹತ್ತಿರದ ಕಾರು ಯಾರ್ಡಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಪುಣೆಯಿಂದ ಹೆದ್ದಾರಿ ಹಿಡಿದು ಬರುವ ದೊಡ್ಡ ಲಾರಿಗಳು ನಮ್ಮಲ್ಲಿ ಕಾರು ಇಳಿಸಿ ಹೋಗುತ್ತವೆ. ಅಲ್ಲಿಂದ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆಯ ಗಿರಾಕಿಗಳ ಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ಹೋದ ವರ್ಷ ಯಾರ್ಡಿಗೆ ಒಂದು ಕರೆಂಟಿನ ಲಾರಿ ಬಂತು. ಹೊಗೆಯಿಲ್ಲ, ಗದ್ದಲವಿಲ್ಲ, ಡೀಸೆಲ್ಲಿನ ಗೊಡವೆಯಿಲ್ಲ. ಮಾಲೀಕರಿಗೆ ಅದು ಪರಿಸರದ ಮಾತು, ಕಾರು ಕಂಪನಿಯವರ ಮುಂದೆ ಎದೆಯುಬ್ಬಿಸಿ ಹೇಳುವ ಮಾತು. ನನಗೆ ಬೇಕಾದದ್ದು ಬೇರೆ. ಆ ಲಾರಿಯ ಬ್ಯಾಟರಿ ದೂರದ ಊರಿಗೆ ಸಾಲುವುದಿಲ್ಲ. ಬೆಳಿಗ್ಗೆ ಹೋದದ್ದು ಸಂಜೆಗೆ ಬಂದು ಚಾರ್ಜಿಗೆ ನಿಲ್ಲಲೇಬೇಕು. ಅಂದರೆ ಅದರ ಡ್ರೈವರ್ ರಾತ್ರಿ ತನ್ನ ಮನೆಯಲ್ಲಿ ಮಲಗುತ್ತಾನೆ.

ನಮ್ಮವರು ಡ್ರೈವರ್. ಮದುವೆಯಾದಾಗಿನಿಂದ ಚೆನ್ನೈ ಲೈನಿನಲ್ಲೇ ಇದ್ದರು. ಮಗಳಿಗೆ ಅಪ್ಪನೆಂದರೆ ಫೋನಿನೊಳಗಿನ ಒಂದು ದನಿ. ನಾನು ಮಾಲೀಕರ ಬೆನ್ನು ಹತ್ತಿ, ಕಾಡಿ, ಜಗಳ ತೆಗೆದು, ಆ ಲಾರಿಯ ಮೇಲೆ ಅವರನ್ನೇ ಹಾಕಿಸಿದೆ.

"ನೋಡ್ರಿ ಅಕ್ಕಾರ, ಟ್ರಯಲ್ ಐತಿ ಇದು," ಎಂದರು ಮಾಲೀಕರು. "ಗಿರಾಕಿ ಕಡಿಂದ ಒಂದ ಕಂಪ್ಲೇಂಟ್ ಬಂತಂದ್ರ ಲಾರಿ ವಾಪಸ್ ಪುಣೆಕ್ಕ. ನಿಮ್ಮ ಯಜಮಾನ್ರು ವಾಪಸ್ ಚೆನ್ನೈ ಲೈನಿಗೆ."

ಮೊದಲ ಖೇಪಿಗೇ ಸಿಕ್ಕಿದ್ದು ಎಂಥ ಕಾರು ಅಂತೀರಿ! ಕಾಗವಾಡದ ಆಚೆ ದ್ರಾಕ್ಷಿ ತೋಟವಿದ್ದ ಗಿರಾಕಿಯೊಬ್ಬರು ತರಿಸಿದ್ದ, ಇಬ್ಬರೇ ಕೂರುವ ಕೆಂಪು ಕಾರು. ಬಟನ್ ಒತ್ತಿದರೆ ತಗಡಿನ ಚಾವಣಿ ತಾನೇ ಮೇಲೆದ್ದು, ಮಡಚಿಕೊಂಡು, ಹಿಂದಿನ ಡಿಕ್ಕಿಯೊಳಗೆ ಹೋಗಿ ಮಲಗುತ್ತದೆ. ಹಿಂದಕ್ಕೆ ಒತ್ತಿದರೆ ಬಂದು ಮುಚ್ಚುತ್ತದೆ. ಯಾರ್ಡಿನಲ್ಲಿ ಅದನ್ನು ತೆಗೆದು ತೋರಿಸಿದಾಗ ನನ್ನ ಬಾಯಿಯೂ ಬಂದ್ ಆಯಿತು. ಎಮ್ಮೆ ಕೆಚ್ಚಲಿಗೆ ಕರು ಬಂದಷ್ಟು ಸಲೀಸಾಗಿ ಆ ಚಾವಣಿ ತನ್ನ ಜಾಗ ಹುಡುಕಿಕೊಂಡು ಹೋಯಿತು. ತೆರೆದಾಗ ಚಕ್ಕಡಿಯ ಹಾಗೆ ಆಕಾಶವೆಲ್ಲ ನಮ್ಮದು, ಮುಚ್ಚಿದಾಗ ಮನೆ. ಯಾರಿಗೆ ಬೇಡ ಅದು? ನನಗೂ ಆಸೆಯಾಯಿತು. ಆದರೆ ಒಳಗಿನ ಸೀಟುಗಳು ಹಾಲಿನಂಥ ಬಿಳುಪು. ಒಂದು ಕಲೆ ಬಿದ್ದರೂ ಕಂಪ್ಲೇಂಟೇ.

ಆ ಖೇಪಿಗೆ ನಾನೂ ಲಾರಿ ಹತ್ತಿದೆ. ಚಿಕ್ಕೋಡಿಯಲ್ಲಿ ಜನ ಗಾಡಿ ನಿಲ್ಲಿಸಿ ಫೋಟೋ ತೆಗೆಯಲು ಬಂದರು. ಅವರನ್ನೆಲ್ಲ ಬೈದು ಓಡಿಸಿದೆ. ಅಂಕಲಿಯ ಸೇತುವೆ ದಾಟುವಾಗ ಮಿರಜ್ ಕಡೆ ಮೋಡ ಕಪ್ಪಾಗುತ್ತಿತ್ತು. "ಜೋರ್ ಹೊಡೀರಿ," ಎಂದೆ. "ಜೋರ್ ಹೊಡದ್ರ ಕಾರು ಕುಕ್ತೈತಿ, ಬ್ಯಾಟರೀನೂ ಮುಗೀತೈತಿ. ಸುಮ್ ಕುಂಡ್ರ," ಎಂದರು ಇವರು.

ಮುಟ್ಟಿದೆವು. ಕಾರಿಗೆ ಒಂದು ಗೀರೂ ಇಲ್ಲದೆ ಇಳಿಸಿದೆವು. ಅಷ್ಟಕ್ಕೇ ತಿರುಗಿ ಬರಬಹುದಿತ್ತು. ಆದರೆ ನಮ್ಮ ಕಡೆ ಚಹಾ ಕುಡಿಯದೆ ಯಾರು ಬಿಡುತ್ತಾರೆ? ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತೆವು. ಗಿರಾಕಿಯ ತಾಯಿ, ಹಣೆತುಂಬ ಕುಂಕುಮದ ಮುದುಕಿ, ಆರತಿ ತಟ್ಟೆ ಹಿಡಿದು ಕಾರಿನ ಸುತ್ತ ಬಂದರು. "ಹೊಸ ಸೊಸಿ ಬಂದ್ಹಂಗ ಬಂದಾಳ. ಹಂಗ ಹೆಂಗ ಒಳಗ ಕರಕೊಳ್ಳೂದು?" ಎನ್ನುತ್ತ ಡಿಕ್ಕಿ ತೆಗೆಸಿದರು. ನಾನು ಬಸಿ ಬಾಯಿಗಿಟ್ಟು ಚಹಾ ಹೀರುತ್ತಿದ್ದೆ, ಆ ಕಡೆ ಲಕ್ಷ್ಯ ಕೊಡಲಿಲ್ಲ.

ಆಮೇಲೆ ಗಿರಾಕಿ ಕಾರಿನಲ್ಲಿ ಕುಳಿತು ಬಟನ್ ಒತ್ತಿದರು. ಚಾವಣಿ ಎದ್ದಿತು, ಮಡಚಿತು, ಅರ್ಧ ಕೆಳಗಿಳಿದು ಕರ್‌ ಎಂದು ಸದ್ದು ಮಾಡಿ ನಿಂತುಬಿಟ್ಟಿತು. ಅವರು ಇನ್ನೊಮ್ಮೆ ಒತ್ತಿದರು. ಮತ್ತೆ ಕರ್‌.

"ಒತ್ತಬ್ಯಾಡ್ರಿ!" ಎಂದು ಇವರು ಓಡಿದರು.

"ಕುಕ್ಕಿಸಿ ಕುಕ್ಕಿಸಿ ತಂದ ಹಾಳ ಮಾಡೀರಿ ಗಾಡಿ!" ಗಿರಾಕಿಯ ಮುಖ ಕೆಂಡವಾಯಿತು.

"ಯಾರ್ಡಿನ್ಯಾಗ ತಗದ ನೋಡೇವ್ರಿ. ಸರಿ ಇತ್ತು," ಎಂದರು ಇವರು.

"ಹಂಗಾರ ನಾ ಸುಳ್ಳ ಹೇಳಾಕತ್ತೀನೇನು? ತಡೀರಿ, ನಿಮ್ಮ ಮಾಲಕಗ ಫೋನ್ ಹಚ್ಚತೀನಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರು ನಂಬರು ಹುಡುಕುವಷ್ಟರಲ್ಲಿ ನಾನು ಕಾರಿನ ಹಿಂದೆ ಹೋಗಿ ಬಗ್ಗಿ ನೋಡಿದೆ. ಚಾವಣಿಯ ಅಂಚಿಗೆ ಸಿಕ್ಕಿಕೊಂಡು ಹಸಿರು ಕುಪ್ಪಸದ ಖಣದ ತುದಿ ಕಾಣುತ್ತಿತ್ತು. ಖಣದಲ್ಲಿ ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಶಿನದ ಕೊಂಬು. ಹೊಸ ಸೊಸೆಗೆ ಮಡಿಲು ತುಂಬುವಂತೆ ಮುದುಕಿ ಕಾರಿಗೆ ಉಡಿ ತುಂಬಿದ್ದರು! ಚಾವಣಿ ಬಂದು ಮಲಗುವ ಜಾಗದಲ್ಲೇ ತೆಂಗಿನಕಾಯಿ ಕುಳಿತಿತ್ತು.

"ಇಲ್ಲಿ ನೋಡ್ರಿ, ಉಡಿ ಐತಿ!" ಎಂದು ಕೂಗಿದೆ.

"ತಗದ ಒಗೀರಿ ಅದನ್ನ ಅತ್ತಾಗ!" ಎಂದರು ಮಗ.

"ಮುಟ್ಟಬ್ಯಾಡ್ರಿ!" ಮುದುಕಿ ಅಡ್ಡ ಬಂದರು. "ತುಂಬಿದ ಉಡಿ ಯಾರರ ಬರಿದ ಮಾಡ್ತಾರೇನು? ಮನಿಗೆ ಕೇಡು. ಯವ್ವಾ, ನನ್ನ ಕೈಲೆ ಹಿಂಗಾತಲ್ಲ!"

ಮಗನಿಗೂ ಮುಂದೆ ಹೋಗುವ ಧೈರ್ಯ ಬರಲಿಲ್ಲ. ಗುಡುಗಿತು. ಮಳೆಯ ದಪ್ಪ ಹನಿಯೊಂದು ಬಿಳಿ ಸೀಟಿನ ಮೇಲೆ ಬಿತ್ತು. ಅಷ್ಟರಲ್ಲಿ ಗಿರಾಕಿಯ ಕೈಯೊಳಗಿನ ಫೋನು ನಮ್ಮ ಮಾಲೀಕರ ದನಿಯಲ್ಲಿ, "ಹಲೋ, ಹೇಳ್ರಿ ಸಾಹೇಬ್, ಗಾಡಿ ಮುಟ್ತಲ್ರಿ?" ಎಂದಿತು.

ಆ ಮುದುಕಿಯನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವರ ಕಣ್ಣಲ್ಲಿ ನೀರಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಉಡಿ ಬರಿದಾಗಬಾರದು, ನಿಜ; ಆದರೆ ಒಂದು ಉಡಿಯಿಂದ ಇನ್ನೊಂದಕ್ಕೆ ಹೋದರೆ ಬರಿದಾದದ್ದು ಯಾವುದು? ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ ಮುದುಕಿಯ ಮುಂದೆ ನಿಂತೆ.

"ನನ್ನ ಉಡ್ಯಾಗ ಹಾಕ್ರಿ, ಅವ್ವಾರ. ನಾನೂ ಮುತ್ತೈದಿ ಅದೀನಿ."

ಮುದುಕಿ ನನ್ನ ಮುಖ ನೋಡಿದರು. "ಎತ್ತೋ ಅದನ್ನ ಮ್ಯಾಲ!" ಎಂದು ಮಗನನ್ನು ಗದರಿಸಿದರು. ಅವರು ಬಟನ್ನನ್ನು ಹಿಂದಕ್ಕೆ ಒತ್ತಿದರು, ಚಾವಣಿ ಮೇಲೆದ್ದಿತು. ಮುದುಕಿ ತಾವೇ ಬಗ್ಗಿ, ಅಕ್ಕಿಯ ಒಂದು ಕಾಳೂ ಬಿಡದೆ ಬಳಿದು, ಎಲ್ಲವನ್ನೂ ನನ್ನ ಸೆರಗಿಗೆ ಹಾಕಿ, ಹಣೆಗೆ ಕುಂಕುಮ ಹಚ್ಚಿದರು.

"ಏನ ಬೇಡ್ಕೊಂತಿ ಬೇಡ್ಕೊ, ಮಗಳ."

ಮನಸ್ಸಿನಲ್ಲೇ ಬೇಡಿಕೊಳ್ಳಬೇಕಿತ್ತು. ನನ್ನ ಬಾಯಿ ನನ್ನ ಮಾತನ್ನು ಯಾವತ್ತು ಕೇಳಿದೆ! "ನನ್ನ ಗಂಡ ರಾತ್ರಿ ಮನ್ಯಾಗ ಇರ್ಲಿ. ಬ್ಯಾರೆ ಏನೂ ಬ್ಯಾಡ," ಎಂದುಬಿಟ್ಟೆ, ಎಲ್ಲರಿಗೂ ಕೇಳುವಂತೆ. ಇವರು ತಲೆ ತಗ್ಗಿಸಿಕೊಂಡು ಲಾರಿಯ ಗಾಲಿ ನೋಡತೊಡಗಿದರು. ನನಗೆ ಅಳು ತಡೆಯಲಾಗಲಿಲ್ಲ.

"ಹಲೋ? ಏನಾತ್ರಿ ಸಾಹೇಬ? ಏನರ ತಕ್ರಾರ ಐತೇನು?" ಫೋನು ಇನ್ನೂ ಕೇಳುತ್ತಿತ್ತು.

ಗಿರಾಕಿ ತಾಯಿಯನ್ನು ನೋಡಿದರು. ತಾಯಿ ಮಗನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಏನಿಲ್ರಿ. ಗಾಡಿ ಚಲೋ ಮುಟ್ಟೇತಿ," ಎಂದು ಅವರು ಫೋನು ಇಟ್ಟರು. ಚಾವಣಿ ಪೂರ್ತಿ ಮುಚ್ಚಿಕೊಂಡಿತು. ಆಮೇಲೆ ಮಳೆ ಧೋ ಎಂದು ಸುರಿಯಿತು.

ಲಾರಿ ಪುಣೆಗೆ ವಾಪಸ್ ಹೋಗಲಿಲ್ಲ, ಯಾರ್ಡಿನಲ್ಲೇ ಉಳಿಯಿತು. ಅವತ್ತು ಸಂಜೆ ಅದನ್ನು ಚಾರ್ಜಿಗೆ ಹಚ್ಚಿ ನಾವಿಬ್ಬರೂ ಮನೆಗೆ ಬಂದಾಗ ಇನ್ನೂ ದೀಪ ಹಚ್ಚುವ ಹೊತ್ತು. ಅಪ್ಪನನ್ನು ಕಂಡು ಮಗಳು ನಕ್ಕಳು. ಅವರು ಕೈಕಾಲು ತೊಳೆದು ಊಟಕ್ಕೆ ಕೂರುವಷ್ಟರಲ್ಲಿ, ಯಾರೂ ಹೇಳದೆಯೇ ಅವರ ಬಟ್ಟೆಯ ಚೀಲ ತಂದು ಹೊಸ್ತಿಲ ಹತ್ತಿರ ಇಟ್ಟು, ಪಕ್ಕದಲ್ಲಿ ಚಪ್ಪಲಿಗಳನ್ನು ಹೊರಮುಖವಾಗಿ ಜೋಡಿಸಿದಳು. ಅಪ್ಪ ಬಂದಾಗಲೆಲ್ಲ ಅವಳು ಮಾಡುತ್ತಿದ್ದ ಕೆಲಸ ಅದು.

"ಪಪ್ಪಾ, ಉಂಡ ಕೂಡ್ಲೆ ಹೊಂಟಿ?" ಎಂದು ಕೇಳಿದಳು.

ಇವರ ಕೈಯಲ್ಲಿನ ರೊಟ್ಟಿಯ ತುತ್ತು ಬಾಯಿಗೆ ಹೋಗಲಿಲ್ಲ.